ಹೂಂ ಅನ್ನುವ ಮ್ಯಾಕ್ರೋ

ಬಸವಂತಮ್ಮ: ಅಳಿಸಿದವರು ಯಾರು? ಅಷ್ಟ ಹೇಳ್ರಿ ನಂಗ.

ಜಂಬಣ್ಣ: ನಾ ಅಲ್ಲ. ಕಂಪ್ಯೂಟರಿನ್ಯಾಗಿನ ಎಡಿಟರ್ ಅಳಿಸೇದ.

1989ರ ಬೇಸಿಗೆ. ರಾಯಚೂರಿನ ಸ್ಟೇಷನ್ ರಸ್ತೆಯ ಟೈಪಿಂಗ್ ಅಂಗಡಿಯಲ್ಲಿ ಫ್ಯಾನು ತಿರುಗುತ್ತಲೇ ಇತ್ತು, ಜಂಬಣ್ಣನ ಬೆನ್ನು ಬೆವರುತ್ತಲೇ ಇತ್ತು. ಹಳೆಯ ಟೈಪ್‌ರೈಟರುಗಳ ನಡುವೆ ಮದುಮಗನಂತೆ ಕೂತಿದ್ದ ಹೊಸ ಕಂಪ್ಯೂಟರಿನ ಹಸಿರು ಪರದೆಯ ಮೇಲೆ ಒಂದಕ್ಷರವೂ ಉಳಿದಿರಲಿಲ್ಲ. ಮಾನ್ವಿಯ ಕಾಲೇಜು ಮೇಷ್ಟ್ರು ಗಡಿಗೆಪ್ಪನವರ ಇಡೀ ಇಂಗ್ಲಿಷ್ ಪ್ರಬಂಧವನ್ನು ಅವನ ಹೆಂಡತಿ ಬಸವಂತಮ್ಮ ಬೆರಳು ಸವೆಯುವಂತೆ ಟೈಪು ಮಾಡಿ, ಇದೀಗ ಮುಗಿಸಿ, ನೀರು ಕುಡಿಯಲು ಎದ್ದಿದ್ದಳು. ಸಂಜೆ ಅವಳು ದೇವದುರ್ಗದ ಬಸ್ಸು ಹತ್ತಬೇಕು. ನಾಳೆ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುತ್ತಾರೆ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಇವಳೊಬ್ಬಳೇ.

ಬಸವಂತಮ್ಮ: ಎಡಿಟರಿಗೆ ಹುಕುಂ ಕೊಟ್ಟವರು ಯಾರು?

ಜಂಬಣ್ಣ: ಮ್ಯಾಕ್ರೋ.

ಬಸವಂತಮ್ಮ: ಅದ್ಯಾವನು?

ಜಂಬಣ್ಣ: ಮನಷ್ಯಾ ಅಲ್ಲ. ಎಡಿಟರ್ ಹೊಟ್ಟಿಯೊಳಗ ಒಂದು ಸಣ್ಣ ಭಾಷಾ ಅದ. ಅದರಾಗ ನಾ ನಾಕು ಸಾಲು ಬರದು ಇಟ್ಟರ, ಅದು ಎಡಿಟರಿನ ಸ್ವಂತ ಹುಕುಂಗಳನ್ನ ಒಂದೊಂದಾಗಿ ಕರೀತದ. ಅಳಿಸು ಅಂತದ, ಅಳಿಸ್ತದ. ಉಳಿಸು ಅಂತದ, ಡಿಸ್ಕಿನ್ಯಾಗ ಉಳಿಸ್ತದ. ನಾವು ಬರೇ ಒಂದು ಗುಂಡಿ ಒತ್ತೂದು.

ಬಸವಂತಮ್ಮ: ಅಳಿಸೋ ಗುಂಡಿ ಮೊದಲ ಇತ್ತಲ್ಲ. ನೀವ ಒತ್ತೂದ ಬಿಟ್ಟು ಇನ್ನೊಬ್ಬರ ಕೈಲೆ ಒತ್ತಸೂದು ಯಾಕ?

ಜಂಬಣ್ಣ ಕಂಪ್ಯೂಟರಿನ ಜೊತೆ ಬಂದಿದ್ದ ದಪ್ಪ ಇಂಗ್ಲಿಷ್ ಪುಸ್ತಕದ ಹಾಳೆ ತಿರುವತೊಡಗಿದ. ಅಪ್ಪನಿಂದ ಅವನಿಗೆ ಅಂಗಡಿ ಬಂದಿತ್ತು, ಟೈಪಿಂಗ್ ಬಂದಿರಲಿಲ್ಲ. ಹೆಂಡತಿ ಟೈಪು ಮಾಡುತ್ತಿದ್ದಳು, ಅವನು ಮೇಲ್ವಿಚಾರಣೆ ಮಾಡುತ್ತಿದ್ದ. ಕಂಪ್ಯೂಟರ್ ಬಂದ ಮೇಲೆ ಪಾಪ, ಮೇಲ್ವಿಚಾರಣೆ ಹೆಚ್ಚಾಗಿತ್ತು.

ಜಂಬಣ್ಣ: ಸಾಲಿನ ನಡುವ ಖಾಲಿ ಜಾಗ ಭಾಳ ಇತ್ತು. ಖಾಲಿ ಸಾಲು ಹುಡುಕು, ಅಳಿಸು, ಉಳಿಸು ಅಂತ ಬರದು ಗುಂಡಿ ಒತ್ತಿದೆ. ನೀ ಇಡೀ ಪ್ರಬಂಧ ಗುರುತು ಮಾಡಿಟ್ಟು ಎದ್ದು ಹೋದ್ರ ಅದೇನ ಮಾಡಬೇಕು? ಗುರುತು ಇದ್ದದ್ದನ್ನ ಅಳಿಸೂದು ಎಡಿಟರಿನ ಧರ್ಮ.

ಬಸವಂತಮ್ಮ: ಅಂಚು ಸರಿಮಾಡಾಕ ಗುರುತು ಮಾಡಿದ್ದೆ. ಹೋಗ್ಲಿ, ಡಿಸ್ಕಿನೊಳಗ ಹಳೇದು ಅದ ಅಲ್ಲ?

ಜಂಬಣ್ಣ ಫ್ಯಾನಿನ ಕಡೆ ನೋಡಿದ.

ಜಂಬಣ್ಣ: ಅಳಿಸಿದ ಮ್ಯಾಲ ಅದು... ಉಳಿಸೇದ.

ಬಸವಂತಮ್ಮ: ಏನ ಉಳಿಸೇದ?

ಜಂಬಣ್ಣ: ಉಳಿದದ್ದನ್ನ.

ಬಸವಂತಮ್ಮ: ಏನೂ ಇಲ್ಲದ್ದನ್ನ ಜೋಪಾನಾಗಿ ಇಟ್ಟದ! ಅಲ್ರೀ, ನಾ ಕೈಲೆ ಅಳಿಸಾಕ ಹೋದ್ರ ಅದು 'ಖರೇ ಅಳಿಸ್ಲೇನು?' ಅಂತ ಕೇಳತದ. ನಿಮಗ್ಯಾಕ ಕೇಳ್ಲಿಲ್ಲ?

ಜಂಬಣ್ಣ: ಕೇಳ್ತಿತ್ತು. ಪ್ರತಿ ಸಲ ಕೇಳಿಕೋತ ಕುಂತ್ರ ಕೆಲಸ ನಿಂತ ಬಿಡತದ. ಅದಕ್ಕ, ಏನ ಕೇಳಿದ್ರೂ ನೀನ ಹೂಂ ಅಂದುಬಿಡು ಅಂತ ಮ್ಯಾಕ್ರೋಕ್ಕ ಬರದಿದ್ದೆ.

ಬಸವಂತಮ್ಮ ದನಿ ತಗ್ಗಿಸಿದಳು. ಅವಳು ಕೂಗಾಡಿದರೆ ಜಂಬಣ್ಣನಿಗೆ ಧೈರ್ಯ; ದನಿ ತಗ್ಗಿಸಿದರೆ ಅವನು ಬಾಗಿಲಿನ ದಾರಿ ನೋಡುತ್ತಿದ್ದ.

ಬಸವಂತಮ್ಮ: ಈಗ ತಿಳೀತು. ನಿಮ್ಮಕ್ಕ ಪಾರ್ವತೆಮ್ಮ ಮಕ್ಕಳು ಮರಿ ಕಟಗೊಂಡು ಬ್ಯಾಸಗಿ ಸೂಟಿ ಮುಗಿಯೂತನಕ ಇರಾಕ ಬರತೀನಿ ಅಂದಾಗ, ನನ್ನ ಕೇಳಲಾರದ 'ಬಸವಂತಿ ಹೂಂ ಅಂದಾಳ' ಅಂತ ಹೇಳಿ ಕಳಿಸಿದ್ರಲ್ಲ, ಅದೂ ಮ್ಯಾಕ್ರೋನ ಏನು?

ಜಂಬಣ್ಣ: ಅದು ಬ್ಯಾರೆ, ಇದು ಬ್ಯಾರೆ. ಈಗೊಂದು ಉಪಾಯ ಅದ. ನೀ ಈ ಸಲ ತೊಟ್ಟಲಕ್ಕ ಹೋಗೂದು ಬ್ಯಾಡ. ಕೂತು ಇನ್ನೊಮ್ಮಿ ಹೊಡದುಬಿಡು. ಮ್ಯಾಷ್ಟ್ರು ಕೈಲೆ ಬರದದ್ದು ಅದ ಅಲ್ಲ.

ಬಸವಂತಮ್ಮನ ಕಣ್ಣು ತುಂಬಿತು. ತಮ್ಮನ ಹೆಂಡತಿಗೆ ಎಷ್ಟೋ ವರ್ಷಕ್ಕೆ ಹುಟ್ಟಿದ ಕೂಸು ಅದು. ಜಂಬಣ್ಣನಿಗೂ ಸಂಕಟವಾಯಿತು, ಆದರೆ ಸಂಕಟಕ್ಕಿಂತ ಭಯ ದೊಡ್ಡದು, ಏಕೆಂದರೆ ಬಾಗಿಲಲ್ಲಿ ಗಡಿಗೆಪ್ಪ ಮೇಷ್ಟ್ರು ಚಪ್ಪಲಿ ಬಿಡುತ್ತಿದ್ದರು.

ಗಡಿಗೆಪ್ಪ: ತಯಾರಾತೇನ್ರೀ ಪ್ರಬಂಧ? ನಾಡದು ಕೊಡಬೇಕು ನಾ.

ಜಂಬಣ್ಣ: ಸರ, ಒಂದ ಸಣ್ಣ ತಾಂತ್ರಿಕ... ಅಂದ್ರ, ಗುಂಡಿ ಮ್ಯಾಕ್ರೋಕ್ಕ ಹೇಳ್ತು, ಮ್ಯಾಕ್ರೋ ಎಡಿಟರಿಗೆ ಹೇಳ್ತು...

ಗಡಿಗೆಪ್ಪ: ಇದನ್ನ ಅಲ್ಲೇನ್ರೀ ನಾ ಪ್ರಬಂಧದಾಗ ಬರದದ್ದು! ಕಾಲುವಿ ಕೊನೀ ಹೊಲಕ್ಕ ನೀರು ಯಾಕ ಬರಲಿಲ್ಲ ಅಂತ ಕೇಳಿದ್ರ, ಒಂದು ಗೇಟಿನವ ಮ್ಯಾಲಿನ ಗೇಟಿನವನ ಕಡಿ ಕೈ ತೋರಸ್ತಾನ. ನನ್ನ ನೀರು ಯಾವ ಗೇಟಿನ್ಯಾಗ ನಿಂತದ ಹೇಳ್ರಿ.

ಬಸವಂತಮ್ಮ ಸೆರಗಿನಿಂದ ಕಣ್ಣೊರೆಸಿ ಮುಂದೆ ಬಂದಳು.

ಬಸವಂತಮ್ಮ: ಫಿಕರ್ ಮಾಡಬ್ಯಾಡ್ರಿ ಸರ. ಎಲ್ಲಾ ಅಳಿಸಿ ಹೋಗ್ಯದ, ಖರೆ. ಆದ್ರ ಇವರು ಇವತ್ತಿಂದನ ಕೂತು, ತಮ್ಮ ಕೈಯಾರೆ ಎಲ್ಲಾ ತಿರುಗಿ ಹೊಡದು ಕೊಡತಾರಂತ.

ಗಡಿಗೆಪ್ಪ: ಖರೇನಾ ಜಂಬಣ್ಣ?

ಜಂಬಣ್ಣ ಬಾಯಿ ತೆರೆದ. ಅದರಿಂದ ಮಾತು ಹೊರಡುವಷ್ಟರಲ್ಲಿ ಉತ್ತರ ಪಕ್ಕದಿಂದ ಬಂತು.

ಬಸವಂತಮ್ಮ: ಹೂಂ.

ಗಡಿಗೆಪ್ಪ: ಹಂಗಾದ್ರ ನಾನೂ ಇಲ್ಲೇ ಕೂತು ಓದಿ ಹೇಳತೀನಿ. ಮುಗಿಯೂತನಕ ಏಳಂಗಿಲ್ಲ.

ಮೇಷ್ಟ್ರು ಕುರ್ಚಿ ಎಳೆದುಕೊಂಡರು. ಬಸವಂತಮ್ಮ ಆಗಲೇ ಕಟ್ಟಿಟ್ಟಿದ್ದ ಚೀಲ ಎತ್ತಿಕೊಂಡಳು.

ಜಂಬಣ್ಣ (ಮೆಲ್ಲಗೆ): ಹೂಂ ಅನ್ನೂಕ ಮೊದಲ ನನ್ನ ಒಂದು ಮಾತು ಕೇಳಬಾರದಿತ್ತೇನ?

ಬಸವಂತಮ್ಮ: ಪ್ರತಿ ಸಲ ಕೇಳಿಕೋತ ಕುಂತ್ರ ಕೆಲಸ ನಿಂತ ಬಿಡತದರೀ. ಮತ್ತ, ಸಂಜೀಕ ದೇವಸುಗೂರಿಂದ ನಿಮ್ಮಕ್ಕಾರು ಬರತಾರ. 'ನೀ ಇಲ್ಲಂದ್ರ ಅಡಗಿ ತಮ್ಮ ಮಾಡತಾನೇನವ್ವಾ' ಅಂತ ಕೇಳಿ ಕಳಿಸಿದ್ರು. ಅದಕ್ಕೂ ನಿಮ್ಮ ಪರವಾಗಿ ಹೂಂ ಅಂದೀನಿ.

ಹೊರಗೆ ಆಟೋ ನಿಂತಿತು. ಗಡಿಗೆಪ್ಪ ಕನ್ನಡಕ ಏರಿಸಿ ಮೊದಲ ವಾಕ್ಯ ಓದಿದರು. ಜಂಬಣ್ಣ ತೋರುಬೆರಳನ್ನು ಗುಂಡಿಗಳ ಮೇಲೆ ಅತ್ತಿತ್ತ ಆಡಿಸಿ, ಮಾನ ಬಿಟ್ಟು ಬಾಗಿಲಿಗೆ ಓಡಿದ.

ಜಂಬಣ್ಣ: ಬಸವಂತೀ! ದೊಡ್ಡಕ್ಷರ ಬರಬೇಕಂದ್ರ ಯಾವ ಗುಂಡಿ ಒತ್ತತಾರ?

ಬಸವಂತಮ್ಮ: ನನ್ನ ಯಾಕ ಕೇಳ್ತೀರಿ? ಹೊಟ್ಟಿಯೊಳಗಿನ ಸಣ್ಣ ಭಾಷಾಕ ಹೇಳ್ರಿ. ಅದು ಎಡಿಟರಿಗೆ ಹೇಳತದ!