ನಲವತ್ತು ವಿಶೇಷಣದ ಅಳಿಯ

"ಹನ್ನೆರಡೇ ದಿನ! ಹನ್ನೆರಡು ದಿನದಲ್ಲಿ ಆ ಹುಡುಗನ ನಾಲಿಗೆ ಮೇಲೆ ನಲವತ್ತು ಫಾರಸಿ ವಿಶೇಷಣಗಳನ್ನ ಕುಣಿಸದಿದ್ರೆ ನನ್ನ ಹೆಸರು ಫರ್ಹಂಗ್ ಅಲ್ಲ!" ಎಂದು ನಾನು ರಾತ್ರಿಯೂಟದ ಹೊತ್ತಿನಲ್ಲಿ ಘೋಷಿಸಿದೆ.

ನನ್ನ ಹೆಂಡತಿ ಫಖ್ರಿ ತಲೆಯನ್ನೂ ಎತ್ತಲಿಲ್ಲ. "ಆಮೇಲೆ ಯಾವ ಹೆಸರು ಇಟ್ಕೋತೀರಿ? ಈಗಲೇ ಹೇಳಿಬಿಡಿ, ಬಾಗಿಲ ಮೇಲಿನ ಬೋರ್ಡು ಬರೆಸೋಕೆ ಕೊಡ್ತೀನಿ" ಎಂದಳು.

ಇಸ್ಫಹಾನಿನ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಫಾರಸಿ ಕಲಿಸಿ ನಿವೃತ್ತನಾದ ಮಹಾಪಂಡಿತನಿಗೆ ಮನೆಯಲ್ಲಿ ಸಿಗುವ ಗೌರವ ಇಷ್ಟೇ ನೋಡಿ. ಆ ಹುಡುಗ ಎಂದರೆ ಯೋರಿಸ್. ಹಾಲೆಂಡಿನವನು. ನನ್ನ ಮಗಳು ತರಾನೆ ಮೆಚ್ಚಿದ ವರ. ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ, ಕಪಟ ಎಂಬುದು ಆ ಎತ್ತರಕ್ಕೆ ಏರಿಯೇ ಇಲ್ಲ. ನನಗೂ ಫಖ್ರಿಗೂ ಒಪ್ಪಿಗೆಯಾಗಿತ್ತು. ಆದರೆ ನಮ್ಮ ಒಪ್ಪಿಗೆಗೆ ನಮ್ಮ ಮನೆತನದಲ್ಲಿ ಕವಡೆ ಕಾಸಿನ ಬೆಲೆಯಿಲ್ಲ.

ಬೆಲೆ ಇರುವುದು ಎಫ್ಫತ್ ಅತ್ತೆಯ ಮಾತಿಗೆ. ನನ್ನ ಅಪ್ಪನ ಅಕ್ಕ, ಎಂಬತ್ತೊಂದು ವರ್ಷ. ಅಪ್ಪ ಹೋದಮೇಲೆ ನಮ್ಮ ವಂಶದ ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಅವರೇ. ಅವರು ಹೂಂ ಎನ್ನದೆ ನಮ್ಮಲ್ಲಿ ಮದುವೆ ಮಾತೇ ಎತ್ತುವಂತಿಲ್ಲ. ಹಿಂದೊಮ್ಮೆ ನನ್ನ ತಮ್ಮನ ಮಗಳನ್ನು ಕೇಳಿಕೊಂಡು ಬಂದ ಹಲ್ಲಿನ ಡಾಕ್ಟರನ್ನು 'ಚಹಾ ಕುಡಿಯುವಾಗ ಸೊರ್ ಅಂತಾನೆ' ಎಂದು ಅರ್ಧ ಲೋಟಕ್ಕೇ ಎಬ್ಬಿಸಿ ಕಳಿಸಿದ್ದರು! ಈಗ ಯೋರಿಸನ ಸರದಿ. ಬರುವ ಶುಕ್ರವಾರದ ನಂತರದ ಶುಕ್ರವಾರ ಅತ್ತೆಯ ಮನೆಯಲ್ಲಿ ಚಹಾ.

"ಅಪ್ಪಾ, ಎಫ್ಫತ್ ಅಜ್ಜಿ ಬೇಡ ಅಂದ್ರೆ ಅವರ ಮನಸ್ಸು ಮುರಿದು ನಾನು ಮದುವೆ ಆಗಲ್ಲ. ಹಾಗಂತ ಇವನನ್ನ ಬಿಟ್ಟು ಬೇರೆಯವರನ್ನೂ ಆಗಲ್ಲ" ಎಂದು ತರಾನೆ ಕಣ್ಣು ತುಂಬಿಕೊಂಡಳು. ಮೇಷ್ಟ್ರ ಮೀಸೆ ನೆಟ್ಟಗಾಯಿತು.

ವಿಶೇಷಣವೇ ಯಾಕೆ ಎಂದಿರಾ? ಕ್ರಿಯಾಪದ ಕಲಿತವನು ಕೆಲಸ ಮಾಡಬೇಕಾಗುತ್ತದೆ. ನಾಮಪದ ಕಲಿತವನು ಅಂಗಡಿಗೆ ಹೋಗಬೇಕಾಗುತ್ತದೆ. ವಿಶೇಷಣ ಕಲಿತವನಾದರೋ ಕೂತಲ್ಲೇ ಜಗತ್ತನ್ನು ಗೆಲ್ಲಬಹುದು! ಮೊದಲ ದಿನ ರೊಟ್ಟಿ ಅಂಗಡಿಯ ಸಾಲಿನಲ್ಲಿ ಪಾಠ. "ನೋಡಪ್ಪಾ, ನಮ್ಮಲ್ಲಿ ವಿಶೇಷಣ ಹಿಂದೆ ಬರುತ್ತೆ. ನಡುವೆ 'ಎ' ಅನ್ನೋ ಪುಟ್ಟ ಕೊಂಡಿ. ನಾನ್ ಅಂದ್ರೆ ರೊಟ್ಟಿ, ಗರ್ಮ್ ಅಂದ್ರೆ ಬಿಸಿ. ನಾನ್-ಎ-ಗರ್ಮ್!" ಹುಡುಗ ಚುರುಕು. ಸಂಜೆಯೊಳಗೆ ತಾಜಾ, ಮೆತ್ತಗಿನದಕ್ಕೆ ನರ್ಮ್, ನಾಜೂಕ್ ಎಲ್ಲಾ ಬಾಯಿಪಾಠ. ಮೂರನೆಯ ದಿನ 'ಕಶಂಗ್' ಕಲಿಸಿದೆ. ಚೆಂದ ಎಂದು ಅರ್ಥ. ಐದನೆಯ ದಿನ 'ಕಶಂಗ್‌ತರ್', ಅದಕ್ಕಿಂತ ಚೆಂದ. ಏಳನೆಯ ದಿನ 'ಕಶಂಗ್‌ತರೀನ್', ಎಲ್ಲಕ್ಕಿಂತ ಚೆಂದ!

ಅಲ್ಲಿಂದ ನಮ್ಮ ಮನೆಯ ಯಾವ ವಸ್ತುವಿಗೂ ಅವನ ಹೊಗಳಿಕೆಯಿಂದ ಬಿಡುಗಡೆ ಇರಲಿಲ್ಲ. ಫ್ರಿಜ್ಜು ಚೆಂದ, ಪೊರಕೆ ಚೆಂದ, ಫಖ್ರಿಯ ಚಪ್ಪಲಿ ಎಲ್ಲಕ್ಕಿಂತ ಚೆಂದ.

"ಇಪ್ಪತ್ತೆಂಟು ವರ್ಷದಲ್ಲಿ ನೀವು ನನಗೆ ಹೇಳಿದ್ದಕ್ಕಿಂತ ಜಾಸ್ತಿ ಒಳ್ಳೆ ಮಾತು ಇವತ್ತು ಒಂದೇ ದಿನ ನನ್ನ ಚಪ್ಪಲಿಗೆ ಸಿಕ್ತು ಕಣ್ರೀ" ಎಂದಳು ಫಖ್ರಿ.

ಹನ್ನೆರಡನೆಯ ದಿನ ಕೊನೆಯ ಪಾಠ. "ಅತ್ತೆ ಮನೇಲಿ ಕಂಡದ್ದನ್ನೆಲ್ಲಾ ಹೊಗಳು. ಇನ್ನೊಂದು, ಅವರು ಏನೇ ಹೇಳಿದ್ರೂ 'ಇಲ್ಲ' ಅನ್ನಬೇಡ. 'ಆಗಲಿ ಅಜ್ಜಿ' ಅಂದುಬಿಡು." ನನ್ನ ಬಾಯಿಗೆ ಆಗ ಲಕ್ವಾ ಹೊಡೆಯಬಾರದಿತ್ತೆ!

ಶುಕ್ರವಾರ. ಹೂಗುಚ್ಛ, ಒಂದು ಪೆಟ್ಟಿಗೆ ಮಿಠಾಯಿ, ಇಸ್ತ್ರಿ ಮಾಡಿದ ಅಳಿಯ. ಎಲ್ಲರೂ ಅತ್ತೆಯ ಬೈಠಕ್ಕಿನಲ್ಲಿ ಕೂತೆವು. ಯೋರಿಸ್ ಸದ್ದಿಲ್ಲದೆ ಚಹಾ ಕುಡಿದ. ಅತ್ತೆಯ ಮುಖ ಅರಳಿತು. ನಾನು ಮೀಸೆಯ ಮೇಲೆ ಕೈಯಾಡಿಸಿದೆ.

"ಅಜ್ಜೀ, ಈ ಕಾರ್ಪೆಟ್ಟು ಚೆಂದ" ಎಂದ ಯೋರಿಸ್. ಉಚ್ಚಾರಣೆ ಅಪ್ಪಟ ಇಸ್ಫಹಾನಿ!

ಅತ್ತೆ ಕೈ ಬೀಸಿದರು. "ಅಯ್ಯೋ, ಇದೇನು ಮಹಾ! ನಿಂದೇ ಅಂದ್ಕೊ ಮಗಾ, ತಗೊಂಡ್ಹೋಗು."

ಈಗ ಕೇಳಿ. ಯಾರಾದರೂ ನಮ್ಮ ವಸ್ತುವನ್ನು ಹೊಗಳಿದರೆ 'ನಿಮ್ಮದೇ, ತಗೊಳ್ಳಿ' ಎನ್ನುವುದು ನಮ್ಮ ಮರ್ಯಾದೆ. 'ಛೆ ಛೆ, ನಿಮ್ಮಲ್ಲಿದ್ದರೇ ಅದಕ್ಕೆ ಶೋಭೆ' ಎಂದು ಬಿಟ್ಟು ಬರುವುದು ಹೊಗಳಿದವನ ಮರ್ಯಾದೆ. ನಮ್ಮ ಮಕ್ಕಳು ಹಾಲಿನ ಜೊತೆಗೇ ಇದನ್ನು ಕುಡಿದಿರುತ್ತಾರೆ. ಇದನ್ನೂ ಪಾಠ ಮಾಡಬೇಕು ಎಂದು ನನ್ನ ಪಂಡಿತ ತಲೆಗೆ ಹೊಳೆದೇ ಇರಲಿಲ್ಲ!

ಯೋರಿಸನ ಕಣ್ಣು ಒದ್ದೆಯಾಯಿತು. ಎದೆಯ ಮೇಲೆ ಕೈಯಿಟ್ಟುಕೊಂಡ. "ಆಗಲಿ ಅಜ್ಜಿ" ಎಂದ. ಎದ್ದ. ಕಾರ್ಪೆಟ್ಟು ಸುತ್ತತೊಡಗಿದ!

ನಾನು ಅವನತ್ತ ನೋಡಿ ಜೋರಾಗಿ ಹುಬ್ಬೆತ್ತಿದೆ. ನಮ್ಮಲ್ಲಿ ಹುಬ್ಬು ಎತ್ತಿದರೆ 'ಬೇಡ' ಎಂದರ್ಥ. ಹಾಲೆಂಡಿನಲ್ಲಿ 'ಭೇಷ್, ಮುಂದುವರಿಸು' ಎಂದಿರಬೇಕು! ಅವನು ನನ್ನನ್ನು ನೋಡಿ ನಕ್ಕು, ಚಹಾ ಕಾಯಿಸುವ ಹಿತ್ತಾಳೆ ಹಂಡೆಯ, ಅಂದರೆ ಸಮೋವರಿನ ಕಡೆ ತಿರುಗಿದ.

"ಅಜ್ಜೀ, ಸಮೋವರ್ ಅದಕ್ಕಿಂತ ಚೆಂದ."

"ಅದೂ... ಅದೂ ನಿಂದೇ ಮಗಾ."

"ಆಗಲಿ ಅಜ್ಜಿ."

ಹುಬ್ಬನ್ನು ಇನ್ನೂ ಎತ್ತರಕ್ಕೆ ಏರಿಸಿದೆ. ಅದು ನನ್ನ ಬೊಕ್ಕತಲೆಯ ಅರ್ಧ ದಾರಿ ಮುಟ್ಟಿರಬೇಕು. ಫಖ್ರಿ ನನ್ನ ತೊಡೆ ಚಿವುಟಿದಳು. ತರಾನೆ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಮೂಲೆಯ ಪಂಜರದಲ್ಲಿ ಅತ್ತೆಯ ಕೆನೆರಿ ಹಕ್ಕಿ, ಆ ಹಾಳು ಹಕ್ಕಿ, ಸಿಳ್ಳೆ ಹೊಡೆಯಬೇಕೆ!

"ಅಜ್ಜೀ!" ಯೋರಿಸ್ ಕೈಜೋಡಿಸಿದ. "ಹಕ್ಕಿ ಎಲ್ಲಕ್ಕಿಂತ ಚೆಂದ!"

ಅತ್ತೆಗೆ ಒಂದು ಕ್ಷಣ ಉಸಿರೇ ನಿಂತಂತಾಯಿತು. ಆದರೆ ಎಂಬತ್ತೊಂದು ವರ್ಷ ಕಾಪಾಡಿಕೊಂಡ ಮರ್ಯಾದೆ, ಬಿಟ್ಟಾರೆಯೇ? "ತಗೋ" ಎಂದರು. ಆಮೇಲೆ ನನ್ನತ್ತ ತಿರುಗಿ, "ಫರ್ಹಂಗ್, ನೋಡ್ತಾ ಕೂತಿದೀಯಲ್ಲೋ. ಗಾಡಿಗೆ ಹಾಕು" ಎಂದರು. ಒಂದು ಹೂಗುಚ್ಛ ಹಿಡಿದು ಹೋದವನು ಇಡೀ ಸಂಸಾರ ಹೇರಿಕೊಂಡು ಬಂದೆ.

ಮನೆಗೆ ಬಂದು ನಾನು ವಿಷಯ ಬಿಡಿಸಿ ಹೇಳಿದಾಗ ಯೋರಿಸನ ಮುಖ ಸುಣ್ಣದಂತಾಯಿತು. "ಹಾಗಾದ್ರೆ ಅಜ್ಜಿ ಸುಳ್ಳು ಹೇಳಿದ್ರಾ?"

"ಸುಳ್ಳಲ್ಲಪ್ಪ, ಮರ್ಯಾದೆ."

"ಎರಡಕ್ಕೂ ವ್ಯತ್ಯಾಸ ಏನು?"

ಮೂವತ್ತೊಂದು ವರ್ಷ ಪಾಠ ಹೇಳಿದ ಮೇಷ್ಟ್ರು ಫೋನಿನ ಕಡೆ ಓಡಿದರು. ಅದು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. "ನಿನ್ನ ಅಳಿಯ ಅತ್ತೆ ಮನೆ ಗುಡಿಸಿ ಗುಂಡಾಂತರ ಮಾಡಿದನಂತೆ! ಬಾಗಿಲಾದ್ರೂ ಬಿಟ್ಟಿದಾನಾ?" ಎಂದು ನನ್ನ ತಮ್ಮ ನಕ್ಕ. ತರಾನೆ ಕೋಣೆಯಿಂದ ಹೊರಗೇ ಬರಲಿಲ್ಲ. ಅವಳ ಅಳು ಕೇಳುತ್ತಾ ನನಗೆ ನನ್ನ ಮೇಲೇ ಸಿಟ್ಟು ಬಂತು. ನಲವತ್ತು ವಿಶೇಷಣ ಕಲಿಸಿ ಮಗಳ ಮದುವೆ ಮುರಿದವನು ನಾನೇ ಮೊದಲಿಗನಿರಬೇಕು.

ಮರುದಿನ ಬೆಳಿಗ್ಗೆ ಎಲ್ಲವನ್ನೂ ಮತ್ತೆ ಕಾರಿಗೆ ಹೇರಿದೆ. "ನಾನೇ ಬಂದು ಕೊಡ್ತೀನಿ" ಎಂದು ಯೋರಿಸ್ ಪಂಜರವನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅತ್ತೆ ಬಾಗಿಲು ತೆರೆದರು. ಬೈಠಕ್ಕಿನ ನೆಲ ಬರಿದಾಗಿ ಬಣಗುಡುತ್ತಿತ್ತು. ಪಾತ್ರೆಯಲ್ಲಿ ಕಾಯಿಸಿದ ಚಹಾ ಒಂದು ಮೂಲೆಯಲ್ಲಿ ಆರುತ್ತಿತ್ತು.

"ಅತ್ತೆ, ತಪ್ಪಾಯ್ತು. ಇವನ್ನ ವಾಪಸ್ ತಗೊಳ್ಳಿ."

"ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಹೆಂಗಸೇನೋ ನಾನು?"

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳು. ಕಾರ್ಪೆಟ್ಟಿಲ್ಲ, ಮಂಡಿ ನೋವಾಗುತ್ತೆ."

ಆಗ ಯೋರಿಸ್ ಮುಂದೆ ಬಂದ. ಪಂಜರವನ್ನು ಅದರ ಮೊಳೆಗೆ ತಾನೇ ನೇತುಹಾಕಿದ. "ಅಜ್ಜೀ, ನೀವು ಕೊಟ್ಟಿದ್ದು ನಂದೇ ಅಲ್ವಾ? ನನ್ನ ಹಕ್ಕಿ ಇಲ್ಲೇ ಇರಲಿ. ನನ್ನ ಕಾರ್ಪೆಟ್ಟೂ ಇಲ್ಲೇ ಇರಲಿ. ನೋಡೋಕೆ ನಾನು ದಿನಾ ಬರ್ತೀನಿ" ಎಂದ, ತಡವರಿಸುತ್ತಾ, ಅರ್ಧ ಫಾರಸಿ, ಅರ್ಧ ಕೈಸನ್ನೆ.

ಅತ್ತೆ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಎತ್ತರದ ಹುಡುಗ, ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಕ್ಕರು ನೋಡಿ, ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದುಕೊಳ್ಳುವಷ್ಟು! "ಅರವತ್ತು ವರ್ಷದಿಂದ ಮನೆಗೆ ಬಂದವರಿಗೆಲ್ಲಾ 'ತಗೊಂಡ್ಹೋಗು, ತಗೊಂಡ್ಹೋಗು' ಅಂತಾನೇ ಇದೀನಿ ಕಣೋ ಫರ್ಹಂಗ್. ಒಬ್ಬನಾದ್ರೂ ನನ್ನ ಮಾತು ನಂಬಿದಾನಾ? ಇವನೊಬ್ಬ ನಂಬಿದ. ಮೊದಲು ಎದೆ ಧಸಕ್ ಅಂತು, ಆಮೇಲೆ ರಾತ್ರಿಯೆಲ್ಲಾ ಖುಷಿಯಾಯ್ತು. ಹೆಂಗಸಿನ ಮಾತು ನಂಬೋ ಗಂಡು ನಮ್ಮ ತರಾನೆಗೆ ಇನ್ನೆಲ್ಲಿ ಸಿಗ್ತಾನೆ? ಮದುವೆ ದಿನ ಗೊತ್ತುಮಾಡು!"

ಅತ್ತೆ ನಮ್ಮನ್ನು ಬೀಳ್ಕೊಡಲು ಓಣಿಯವರೆಗೂ ಬಂದರು. ನನ್ನ ಬಿಳಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಕಾರು ಚೆನ್ನಾಗಿದೆ ಕಣೋ."

"ನಿಮ್ಮದೇ ಅಂದ್ಕೊಳ್ಳಿ ಅತ್ತೆ, ತಗೊಳ್ಳಿ!" ಐವತ್ತೊಂಬತ್ತು ವರ್ಷದ ಅಭ್ಯಾಸ, ನಾಲಿಗೆ ನನ್ನನ್ನು ಕೇಳಲೇ ಇಲ್ಲ.

"ಹಾಗಂತೀಯಾ? ಸರಿ, ಕೀಲಿಕೈ ಕೊಡು" ಎಂದು ಅಂಗೈ ಚಾಚಿದರು. ನಾನು ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ. ಯೋರಿಸ್ ಸಂತೋಷದಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೀಲಿಕೈಯನ್ನು ಅವರ ಕೈಗೆ ಹಾಕಿದ.

ಅತ್ತೆಗೆ ಕಾರು ಓಡಿಸಲು ಬರುವುದಿಲ್ಲ. ಹಾಗಾಗಿ ಅವರ ಕಾರಿಗೆ ಈಗ ಡ್ರೈವರು ನಾನು. ವಾರಕ್ಕೆ ಮೂರು ದಿನ ಮಾರ್ಕೆಟ್ಟು, ಡಾಕ್ಟರು, ನೆಂಟರ ಮನೆ. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಪಕ್ಕದಲ್ಲಿ ಯೋರಿಸ್. "ಹೇಳು ಮಗಾ, ಡ್ರೈವರ್ ನಿಧಾನ." "ಡ್ರೈವರ್ ನಿಧಾನ." "ಡ್ರೈವರ್ ಬಡಾಯಿಕೋರ." "ಡ್ರೈವರ್ ಬಡಾಯಿಕೋರ." ಉಚ್ಚಾರಣೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಫಾರಸಿ ವಿಶೇಷಣಗಳ ಪಾಠ ಅಮೋಘವಾಗಿ ಮುಂದುವರಿದಿದೆ ಸ್ವಾಮೀ! ಮೇಷ್ಟ್ರು ಅತ್ತೆ, ವಿದ್ಯಾರ್ಥಿ ಅಳಿಯ, ಉದಾಹರಣೆ ನಾನು.