ಅಮ್ಮನ ಮೆಟ್ಟುಗತ್ತಿಯ ಹಲಗೆ

ಒಂದೇ ಒಂದು ಹಲಗೆಯನ್ನು ಹೊಸನಗರದಿಂದ ತೀರ್ಥಹಳ್ಳಿಗೆ ಮುಟ್ಟಿಸಲು ನನ್ನಿಂದ ಆಗಲಿಲ್ಲ. ಲಗೇಜ್ ಆಟೋ ಓಡಿಸಿಯೇ ಹೊಟ್ಟೆ ಹೊರೆಯುವವನು ನಾನು. ಫ್ರಿಜ್ಜು, ಬೀರು, ಒಮ್ಮೆ ಒಂದು ಎಮ್ಮೆಯನ್ನೂ ಗೀರು ಬೀಳದಂತೆ ಮುಟ್ಟಿಸಿದ್ದೇನೆ. ಈ ಹಲಗೆ ಮಾತ್ರ ಆಗಲಿಲ್ಲ. ಅದೂ ನಮ್ಮಕ್ಕನದು. ಮನೆಗೆ ಬಂದ ನೆಂಟರಿಗಿಂತ ಮೊದಲು ಅವರ ಊರುಗೋಲನ್ನು ಮಾತಾಡಿಸುವ ಅಕ್ಕನದು!

ಅಕ್ಕ ಹೊಸನಗರದಲ್ಲಿ ಮಕ್ಕಳಿಗೆ ಪಿಟೀಲು ಕಲಿಸುತ್ತಾಳೆ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು; ನನಗೆ ಗೊತ್ತಿರುವ ಶ್ರುತಿ ಗಾಡಿಯ ಹಾರನ್ನಿನದು. ಅವಳ ಪ್ರಪಂಚದಲ್ಲಿ ಇರುವುದು ಎರಡೇ ಜಾತಿ, ಮರ ಮತ್ತು ಪ್ಲಾಸ್ಟಿಕ್. ಯಾರ ಮನೆಗೆ ಹೋದರೂ ಮೇಜು, ಬಾಗಿಲು ತಟ್ಟಿ ಕಿವಿ ಇಡುತ್ತಾಳೆ. ಸಾಗರದಲ್ಲಿ ಜ್ವರ ಬಂದು ಮಲಗಿದ್ದ ನಮ್ಮ ಸೋದರಮಾವನನ್ನು ನೋಡಲು ಹೋಗಿ, ಮಂಚ ತಟ್ಟಿ, "ಒಳ್ಳೆ ಗಟ್ಟಿ ಇದೆ, ಇನ್ನೂ ಐವತ್ತು ವರ್ಷ ಬಾಳ್ತದೆ" ಅಂದಳು. ಮಾವ ತನಗೇ ಹೇಳಿದ್ದೆಂದು ತಿಳಿದು, ಎದ್ದು ಕೂತು ಗಂಜಿ ಕೇಳಿದ.

ಮದುವೆ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಕೊಟ್ಟರೆ ನಿಂತೇ ಇರುತ್ತಾಳೆ. "ಕೂತ್ಕಳೇ ಅಕ್ಕಾ" ಅಂದರೆ, "ನೀ ಕೂತ್ಕ. ನಿಂಗೂ ಅದಕ್ಕೂ ಒಂದೇ ತಲೆ" ಅನ್ನುತ್ತಾಳೆ.

ಇಂಥವಳ ಪಿಟೀಲಿನ ಫಿಂಗರ್‌ಬೋರ್ಡ್, ಅಂದರೆ ತಂತಿಯ ಕೆಳಗೆ ಬೆರಳೊತ್ತುವ ಪಟ್ಟಿ, ಸವೆದು ಹಳ್ಳ ಬಿತ್ತು. ಹೊಸದಕ್ಕೆ ಅವಳು ಆರಿಸಿದ್ದು ಅಮ್ಮನ ಮೆಟ್ಟುಗತ್ತಿಯ ಹಲಗೆಯನ್ನು. ಅಮ್ಮ ಜೀವಮಾನವೆಲ್ಲ ಅದನ್ನು ಕಾಲಲ್ಲಿ ಮೆಟ್ಟಿ ಹಿಡಿದು ತರಕಾರಿ ಹೆಚ್ಚಿದವಳು. ಅವಳು ಹೋದ ಮೇಲೆ ಕತ್ತಿ ತುಕ್ಕು ಹಿಡಿದು ಕಳಚಿತ್ತು, ಬೀಟೆಯ ಹಲಗೆ ಉಳಿದಿತ್ತು. "ಹಲಸಿನ ಮೇಣ ಕುಡಿದ ಮರ ಕಣಾ, ಮಳೆಗಾಲ ಇದಕ್ಕೆ ಲೆಕ್ಕಕ್ಕಿಲ್ಲ" ಅಂದು ಪಿಟೀಲಿನ ಜೊತೆ ನನ್ನ ಕೈಗಿತ್ತಳು. ವಾದ್ಯ ರಿಪೇರಿ ಮಾಡುವವರು ಇದ್ದದ್ದು ತೀರ್ಥಹಳ್ಳಿಯಲ್ಲಿ. ಹೊರಡುವಾಗ ಎಂದಿನಂತೆ, "ಆ ಹ್ಯಾಂಡ್‌ಬ್ರೇಕ್ ಸರಿ ಮಾಡ್ಸಾ" ಅಂದಳು. ನಾನೂ ಎಂದಿನಂತೆ "ಹ್ಞೂಂ" ಅಂದೆ.

ತೀರ್ಥಹಳ್ಳಿಗೆ ಹೋಗುವ ಮೊದಲು ಹುಲಿಕಲ್ಲಿಗೆ ಒಂದು ಲೋಡು ಇತ್ತು. ಏನು ಲೋಡು ಅಂತೀರಿ? ಪ್ಲಾಸ್ಟಿಕ್ ಕುರ್ಚಿ! ಏರಿನಲ್ಲಿ ನಿಲ್ಲಿಸಿ ಕುರ್ಚಿ ಇಳಿಸುವಾಗ ಗಾಡಿ ಹಿಂದಕ್ಕೆ ಜಾರತೊಡಗಿತು. ಕೈಗೆ ಸಿಕ್ಕಿದ್ದನ್ನು ಚಕ್ರಕ್ಕೆ ಅಡ್ಡ ಕೊಟ್ಟೆ. ಗಾಡಿ ನಿಂತಿತು. ಕುರ್ಚಿ ಇಳಿಸಿ, ಚಾ ಕುಡಿದು ಹೊರಟೆ. ಅಡ್ಡ ಕೊಟ್ಟಿದ್ದು ಯಾವುದೆಂದು ಹೊಳೆದದ್ದು ತೀರ್ಥಹಳ್ಳಿ ಹತ್ತಿರ ಬಂದಾಗ. ತಿರುಗಿ ಓಡಿದೆ. ಚಾ ಅಂಗಡಿಯಮ್ಮ, "ಆ ತುಂಡಾ? ಒಲೆಗೆ ಹಾಕ್ದೆ. ಎಂಥಾ ಕಾವು ಮಾರಾಯ್ರೆ, ಇನ್ನೊಂದು ಇದ್ರೆ ಕೊಡಿ" ಅಂದಳು.

ಪಿಟೀಲು ಮಾತ್ರ ಹಿಡಿದು ತೀರ್ಥಹಳ್ಳಿ ಸೇರಿದೆ. ರಿಪೇರಿಯವರಲ್ಲಿ ಒಂದು ಕೃತಕ ಪಟ್ಟಿಯಿತ್ತು, ನೋಡಲು ಥೇಟ್ ಕರಿಮರ. "ಇದು ಮರ ಅಲ್ಲ. ಆದ್ರೆ ಉಬ್ಬಲ್ಲ, ಬಿರಿಯಲ್ಲ. ನಿಮ್ಮಕ್ಕಂಗೆ ಹೇಳ್ಬಿಡಿ" ಅಂದರು. ಪಟ್ಟಿ ಹಾಕಿಸಿದೆ, ಹೇಳುವುದನ್ನು ಬಿಟ್ಟೆ.

ಅಕ್ಕ ಪಟ್ಟಿ ತಟ್ಟಿ ಕಿವಿಯಿಟ್ಟಳು. "ಕಪ್ಪು ಪಾಲಿಶ್ ಹೊಡ್ದಿದಾರೆ" ಎಂದು ಬಡಬಡಿಸಿದೆ.

"ಎಷ್ಟು ಬಳಿದ್ರೂ ಮರದ ದನಿ ಮುಚ್ಚಕ್ಕಾಗುತ್ತಾ? ಅಮ್ಮ ಹಾಗಲಕಾಯಿ ಹೆಚ್ಚಿದ ಹಾಗೇ ಕೇಳ್ತದೆ ನೋಡು."

ಆ ಮಳೆಗಾಲದಲ್ಲಿ ಶಿಷ್ಯರ ಪಿಟೀಲುಗಳೆಲ್ಲ ಮುನಿಸಿಕೊಂಡವು, ಅಕ್ಕನದು ಮಿಸುಕಲಿಲ್ಲ. "ಪ್ಲಾಸ್ಟಿಕ್ ಆಗಿದ್ರೆ ಹೀಗಿರ್ತಿತ್ತಾ?" ಎಂದು ಬಂದವರನ್ನೆಲ್ಲ ಕೇಳುವಳು, ಸಾಕ್ಷಿಗೆ ನನ್ನನ್ನು ಕರೆಯುವಳು. ನಾನು ತಲೆಯಾಡಿಸುವೆ. ಆ ತಲೆಯ ಬಗ್ಗೆ ಅವಳು ಮದುವೆ ಮನೆಯಲ್ಲಿ ಹೇಳಿದ್ದು ಸುಳ್ಳಲ್ಲ.

ಮೊನ್ನೆ ಅವಳ ಮನೆಯಲ್ಲಿ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ಕೇಳಿದಳು. "ಅಲ್ದಾ ತಮ್ಮಾ, ಪಟ್ಟಿ ಮಾಡಿ ಉಳಿದ ಹಲಗೆ ತುಂಡು ಏನಾಯ್ತಾ?"

ಕಲಸಿದ ಅನ್ನವನ್ನೇ ಮತ್ತೆ ಕಲಸಿದೆ. "ಯಾಕೆ?"

"ನಿನ್ನ ಗಾಡಿ ಚಕ್ರಕ್ಕೆ ಅಡ್ಡ ಕೊಡಕ್ಕೆ ಇಟ್ಕ ಅನ್ನಣ ಅಂತಿದ್ದೆ. ಹ್ಯಾಂಡ್‌ಬ್ರೇಕ್ ಅಂತೂ ನೀ ಮಾಡ್ಸಲ್ಲ. ಘಾಟಿಲಿ ಓಡಾಡ್ತೀಯ. ಅಮ್ಮ ಇದ್ದಿದ್ರೆ ತಾನೇ ಕಾಲು ಅಡ್ಡ ಕೊಡ್ತಿದ್ಲು."

ನಾನು ತಟ್ಟೆ ಸರಿಸಿದೆ.

"ಕೊಟ್ಲು ಅಕ್ಕಾ. ಹುಲಿಕಲ್ಲಲ್ಲಿ ಅಮ್ಮನೇ ಗಾಡಿ ಹಿಡ್ಕಂಡ್ಲು. ನಾನು ಅವ್ಳನ್ನ ಅಲ್ಲೇ ಬಿಟ್ಟು ಬಂದೆ. ನಿನ್ನ ಪಿಟೀಲಲ್ಲಿರದು ಮರ ಅಲ್ಲ. ತಪ್ಪಾಯ್ತು, ಅಕ್ಕಾ."