ಜಿಗಿ ಇಲ್ಲದ ಮಣ್ಣು ಮತ್ತು ನನ್ನ ಹಿರಿಯ ಶಿಷ್ಯರು

ಮೂವತ್ತು ವರ್ಷ ಸಾಲಿ ಮಕ್ಕಳಿಗೆ ಚಿತ್ರ ಕಲಿಸುವಾಗ ಆಗದ ಫಜೀತಿಗಳೆಲ್ಲ, ನಿವೃತ್ತಿಯ ಮೇಲೆ ಅಜ್ಜ-ಅಜ್ಜಿಯರಿಗೆ ಕಲಿಸಲು ಹೋದಾಗ ಆಗುತ್ತಿವೆ. ಒಂದು ವಾರ ಸುಮ್ಮನೆ ಕಳೆದರೆ ನನಗೇ ಅನುಮಾನ ಬರುತ್ತದೆ. ಹಿರಿಯರ ಮನಸ್ಸು ಹಗುರಾಗಲಿ ಎಂದು ಒಂದು ಸಂಸ್ಥೆಯವರು ವಿಜಯಪುರ, ತಿಕೋಟಾ, ಬಬಲೇಶ್ವರದಲ್ಲಿ ಕ್ಲಾಸು ಇಟ್ಟಿದ್ದರು. ಮೂರು ತಿಂಗಳಾದ ಮೇಲೆ ಅವರ ಅಧಿಕಾರಿ ಬಂದು ನೋಡುವುದು. ಹಿರಿಯರು ಖುಷಿಯಾಗಿದ್ದರೆ ಮುಂದುವರಿಕೆ, ಇಲ್ಲದಿದ್ದರೆ ಬಂದ್. ಬಂದ್ ಆದರೆ ನಾನು ಮನೆಯಲ್ಲಿ ಹೆಂಡತಿಯ ಎದುರು ಕೂತು ಮೆಂತ್ಯೆ ಸೊಪ್ಪು ಸೋಸಬೇಕು.

೧. ಸಾಹೇಬರ ಸಹಿ

ವಿಜಯಪುರದಲ್ಲಿ ಜಲನಗರದ ಕ್ಲಾಸಿಗೆ ಒಬ್ಬ ನಿವೃತ್ತ ಹೆಡ್‌ಕ್ಲಾರ್ಕ್ ಬರುತ್ತಾರೆ. ಮೊದಲ ದಿನ, "ಮನಸ್ಸಿಗೆ ಬಂದದ್ದು ಬಿಡಸ್ರಿ" ಎಂದೆ.

"ಮ್ಯಾಲಿಂದ ಆರ್ಡರ್ ಏನರ ಬಂದದೇನ್ರಿ?"

ಇಲ್ಲ ಎಂದೆ. ಒಂದು ತಾಸು ಬಿಟ್ಟು ನೋಡಿದರೆ ಅವರ ಹಾಳೆ ಖಾಲಿ. ಉಳಿದೆಲ್ಲರ ಹಾಳೆಯ ಮೂಲೆಯಲ್ಲಿ "ಪರಿಶೀಲಿಸಿದೆ" ಎಂದು ಬರೆದು ಸಹಿ ಹಾಕಿದ್ದರು. ನಾನು ಮಾದರಿಗೆಂದು ಬಿಡಿಸಿದ್ದ ಗೋಳಗುಮ್ಮಟದ ಕೆಳಗೆ ಮಾತ್ರ, "ತಿದ್ದಿ ಮರುಸಲ್ಲಿಸುವುದು."

೨. ಮಣ್ಣಿನ ಕೆಲಸ

ತಿಕೋಟಾದಲ್ಲಿ ಜೇಡಿಮಣ್ಣು ಹಂಚಿದೆ. ವಿಜಯಪುರದ ಗಾಂಧಿ ಚೌಕದ ಸಂದಿಗೊಂದಿ ಸುತ್ತಿ ತಂದ ಮಣ್ಣು. "ಬೇಕಾದ್ದು ಮಾಡ್ರಿ" ಎಂದು ಹೇಳಿ ಈ ಕಡೆ ತಿರುಗಿದ್ದೇ ತಡ, ಪಟಪಟ ಸಪ್ಪಳ. ಅಜ್ಜಿಯರೆಲ್ಲ ಸಾಲಾಗಿ ಕೂತು ಮಣ್ಣಿನ ರೊಟ್ಟಿ ಬಡಿಯುತ್ತಿದ್ದರು.

"ಯವ್ವಾ, ಬ್ಯಾರೆ ಏನರ ಮಾಡ್ರಿ" ಎಂದು ಬೇಡಿಕೊಂಡೆ. ಎರಡನೇ ಸಲ ಸಣ್ಣ ಸಣ್ಣ ರೊಟ್ಟಿ ಮಾಡಿದರು, ಮೊಮ್ಮಕ್ಕಳಿಗಂತೆ. ಬಿಜ್ಜರಗಿಯಿಂದ ಬರುವ ಅಜ್ಜಿ ಅಂಟು ಸಾಲದೆ ಅಂಚು ಸೀಳಿದ ತನ್ನ ರೊಟ್ಟಿ ಎತ್ತಿ ಹಿಡಿದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು:

"ಇದಕ್ಕ ಜಿಗಿನ ಇಲ್ಲಲ್ಲೋ ಯಪ್ಪಾ! ಯಾವ ಗಿರಣ್ಯಾಗ ಬೀಸಿಸ್ಕೊಂಡ ಬಂದೀ?"

೩. ದ್ರಾಕ್ಷಿ ಗೊನೆ

ಅದೇ ಕ್ಲಾಸಿನಲ್ಲಿ ದ್ರಾಕ್ಷಿ ತೋಟದ ಒಬ್ಬ ಅಜ್ಜ ಇದ್ದಾನೆ. ನಾನು ದೊಡ್ಡ ಹಾಳೆಯ ಮೇಲೆ ಮೈಮರೆತು ದ್ರಾಕ್ಷಿ ಗೊನೆ ಬಿಡಿಸಿದೆ. ಅಜ್ಜ ಮುಖ ಸಿಂಡರಿಸಿದ.

"ಗೊನಿ ಬಾಳ ಗಚ್ಚ ಆಗೇತ್ರಿ ಮಾಸ್ತರ, ಕಾಳಿಗಿ ಕಾಳು ಒತ್ಯಾವ. ಹಿಂಗ ಬಿಟ್ರ ಕಾಳು ದಪ್ಪ ಆಗೂದಿಲ್ಲ."

ನಾನು ಚಹಾ ಕುಡಿದು ಬರುವಷ್ಟರಲ್ಲಿ ಕತ್ತರಿಯಿಂದ ನನ್ನ ಚಿತ್ರದ ಅರ್ಧ ಕಾಳು ಕತ್ತರಿಸಿ ನೆಲಕ್ಕೆ ಉದುರಿಸಿದ್ದ. ತಲೆ ಮೇಲೆ ಕೈ ಹೊತ್ತು ಕೂತೆ. ಅವನೇ ಬಂದು ಸಮಾಧಾನ ಮಾಡಿದ:

"ಚಿಂತಿ ಮಾಡಬ್ಯಾಡ್ರಿ. ಹದಿನೈದು ದಿನ ತಡೀರಿ, ಉಳದಾವು ಹೆಂಗ ಉಬ್ಬತಾವ ನೋಡ್ರಿ."

೪. ನಗುವ ಮುಖ

ಕಡೆಗೂ ಅಧಿಕಾರಿ ಬಂದರು, ಬಬಲೇಶ್ವರದ ಕ್ಲಾಸಿಗೆ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಅದರಲ್ಲಿ ಒಂದು ನಗುವ ಮುಖ, ಒಂದು ಅಳುವ ಮುಖ. ಈಗ ಹೇಗಿದ್ದೀರೋ ಆ ಮುಖಕ್ಕೆ ಗುರುತು ಹಾಕಿ ಎಂದರು. ಅಲ್ಲಿಯವರೆಗೆ ಹಾಡು ಹೇಳುತ್ತ, ಒಬ್ಬರಿಗೊಬ್ಬರು ಬಣ್ಣ ಸಿಡಿಸುತ್ತ ಕೂತಿದ್ದ ಅಜ್ಜಿಯರು ಒಬ್ಬರೂ ಬಿಡದೆ ಅಳುವ ಮುಖಕ್ಕೇ ಗುರುತು ಹಾಕಿದರು.

"ಇಷ್ಟ ಬ್ಯಾಸರ ಆಗೇತೇನ ಯವ್ವಾ?" ಎಂದು ಮುಂದೆ ಕೂತ ಅಜ್ಜಿಯನ್ನು ಕೇಳಿದೆ.

"ಬ್ಯಾಸರ ಯಾಕ? ಬಾಳ ಚಂದ ಅದೀವಿ. ಹಂಗಂತ ಬರದ ಕೊಟ್ಟು ದೃಷ್ಟಿ ಮಾಡ್ಕೊಳ್ಳೂಣೇನು?"

ಅಧಿಕಾರಿ ಕೈಮುಗಿದು ಹೊಸ ಹಾಳೆ ಕೊಟ್ಟರು. ಅಜ್ಜಿಯರು ಗುಸುಗುಸು ಮಾಡಿ ಒಂದು ರಾಜಿಗೆ ಬಂದರು. ನಗುವ ಮುಖಕ್ಕೆ ಗುರುತು ಹಾಕಿದರು. ಆದರೆ ದೃಷ್ಟಿ ತಾಗಬಾರದೆಂದು ಒಂದೊಂದು ಮುಖದ ಕೆನ್ನೆಗೂ ಕರಿ ಬೊಟ್ಟು ಇಟ್ಟರು. ಹಾಳೆಗಳು ಸಂಸ್ಥೆಯ ಬೆಂಗಳೂರಿನ ಆಫೀಸಿಗೆ ಹೋದವು.

ವಾರದ ಮೇಲೆ ಅಲ್ಲಿಂದ ಫೋನು. "ಮೇಷ್ಟ್ರೇ, ಹಿರಿಯರೆಲ್ಲ ತುಂಬಾ ಖುಷಿಯಾಗಿದ್ದಾರೆ. ಕ್ಲಾಸು ಇನ್ನೊಂದು ವರ್ಷ ನಡೆಸಿ."

ನಾನು ಕುಣಿಯುವುದೊಂದು ಬಾಕಿ.

"ಆದ್ರೆ ಅದ್ಯಾವ ಬಣ್ಣ ಕೊಡ್ತಿದ್ದೀರಿ? ಎಲ್ಲರ ಕೆನ್ನೆ ಮೇಲೂ ಕಪ್ಪು ಕಲೆ ಎದ್ದಿದೆಯಲ್ಲ! ಸೋಮವಾರ ಚರ್ಮದ ಡಾಕ್ಟರನ್ನ ಕಳಿಸ್ತಿದ್ದೇವೆ."